ಕೆಂಪು ಕಾರು ಎತ್ತಿದ್ದು

ಪಂಚರ್ ಅಂಗಡಿಗೆ ಯಾರೂ ಖುಷಿಯಿಂದ ಬರುವುದಿಲ್ಲ. ಆದರೂ ಇಲ್ಲಿ ನಗುವಂಥದ್ದು ಏನಾದರೂ ಆಗುತ್ತಲೇ ಇರುತ್ತದೆ. ನಾಗಪುರದಿಂದ ಕಳಮೇಶ್ವರಕ್ಕೆ ಹೋಗುವ ರಸ್ತೆಯಲ್ಲಿ ನನ್ನ ಅಂಗಡಿ. ಹಿಂದೆಯೇ ಮನೆ. ಹೆಂಡತಿ ಬಾಗಿಲಲ್ಲಿ ಕೂತು ಎಲ್ಲ ನೋಡುತ್ತಿದ್ದಳು. ಕೆಲಸ ನನ್ನದು, ಮಾತು ಅವಳದು. ಹೋದ ಚಳಿಗಾಲ ತೀರಿಕೊಂಡಳು. ಅಂಗಡಿ ಈಗ ಬಹಳ ಸುಮ್ಮನಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮಂಚ

ಒಂದು ಭಾನುವಾರ ಕೆಂಪು ಸ್ಪೋರ್ಟ್ಸ್ ಕಾರು ಕುಂಟುತ್ತ ಬಂತು. ನಾಗಪುರದ ರಾಮದಾಸಪೇಠಿನ ಮೂಳೆ ಡಾಕ್ಟರದು. ಬೆಂಗಳೂರು ಕಡೆಯವರು. ನಾವು ಕನ್ನಡದವರೆಂದು ತಿಳಿದು ಅವರಿಗೆ ಅರ್ಧ ಜೀವ ಬಂತು.

"ಯಜಮಾನ್ರೇ, ಕಾರು ಅಪ್ಪನ ಹೆಸರಲ್ಲಿದೆ. ಒಂದು ಡೆಂಟ್ ಬಿದ್ರೂ ಮಾರ್ಬಿಡ್ತೀನಿ ಅಂದಿದ್ದಾರೆ. ಹುಷಾರಾಗಿ ಎತ್ತಿ."

ಕಾರು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದಂಗಿತ್ತು. ಜಾಕ್ ಕೆಳಗೆ ಹೋಗಲೇ ಇಲ್ಲ. ಹಲಗೆ ಮೇಲೆ ಹತ್ತಿಸಿದರೆ ಸಂದಿ ಆಗುತ್ತದೆ. ಹಲಗೆ ಎಲ್ಲಿಂದ ತರುವುದು? ನಮ್ಮ ಮಂಚದವು ಬರೋಬರ್ ಇದ್ದವು. ಬಿಚ್ಚಿ ತಂದೆ. ಡಾಕ್ಟರು ನಿಧಾನ ಹತ್ತಿಸಿದರು.

ಹೆಂಡತಿ ಒಳಗೆ ಹೋಗಿ ನೋಡಿ ಬಂದಳು.

"ಕಾರು ನಮ್ಮ ಮಂಚದ ಮ್ಯಾಲ ಮಲಗೇತಿ," ಅಂದಳು. "ಇನ್ನ ನಾವು ಕಾರಿನ್ಯಾಗ ಮಲಗೂಣು ಬರ್ರಿ."

ಮೊಣಕಾಲು

ಜಾಕ್ ಏನೋ ಒಳಗೆ ಹೋಯಿತು. ಆದರೆ ಸಿಕ್ಕಲ್ಲಿ ಇಟ್ಟರೆ ಅಂಚಿನ ಪ್ಲಾಸ್ಟಿಕ್ ಮುರಿಯುತ್ತದೆ. ಚಕ್ರದ ಹತ್ತಿರ ಒಂದು ಗಟ್ಟಿ ಜಾಗ ಇರುತ್ತದೆ. ಅಲ್ಲೇ ಇಡಬೇಕು, ನಡುವೆ ರಬ್ಬರ್ ತುಂಡು ಕೊಟ್ಟು. ಎತ್ತುವ ಮೊದಲು ಆ ಜಾಗ ನೋಡಲು ಡಾಕ್ಟರು ತಾವೇ ನೆಲಕ್ಕೆ ಮಲಗಿದರು. ಬೆರಳಿನಿಂದ ತಟ್ಟಿ ತಟ್ಟಿ ಹುಡುಕಿದರು.

ಅಷ್ಟರಲ್ಲಿ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಮರಾಠಿ ಅಜ್ಜಿಯನ್ನು ಹೆಂಡತಿ ಕರೆದುಕೊಂಡು ಬಂದಳು. ಮೂಳೆ ಡಾಕ್ಟರು ಪುಕ್ಕಟೆ ಸಿಕ್ಕಾರೆ ಅಂತ.

"ಡಾಕ್ಟರ್ ಸಾಹೇಬ, ಗುಡಘಾ ದುಖತೋ," ಅಂದು ಅಜ್ಜಿ ನೋಯುವ ಮೊಣಕಾಲು ಮುಂದೆ ಮಾಡಿದಳು.

ಡಾಕ್ಟರಿಗೆ ಕಂಡದ್ದು ಅವಳ ಚಪ್ಪಲಿ ಅಷ್ಟೇ. ಮಲಗಿದಲ್ಲಿಂದಲೇ ಮರಾಠಿಯಲ್ಲಿ ಕೇಳಿದರು.

"ಮೆಟ್ಟಿಲು ಹತ್ತುವಾಗ ನೋವೋ, ಇಳಿಯುವಾಗೋ?"

"ಇಳಿಯುವಾಗ."

"ಮಡಚಿ ನೋಡಿ."

ಮಡಚಿದಳು. ಡಾಕ್ಟರು ಅಲ್ಲಿಂದಲೇ ವ್ಯಾಯಾಮ ಹೇಳಿಕೊಟ್ಟರು. ಅಜ್ಜಿಗೆ ಕಣ್ಣಲ್ಲಿ ನೀರು. ಹೋಗುವಾಗ ಹೆಂಡತಿಗೆ ಹೇಳಿದಳಂತೆ: "ದೊಡ್ಡ ದವಾಖಾನೆಯಲ್ಲಿ ಕಂಪ್ಯೂಟರ್ ನೋಡುತ್ತಾರೆ. ಈ ಪುಣ್ಯಾತ್ಮ ನನ್ನ ಕಾಲು ನೋಡಲು ನೆಲಕ್ಕೆ ಮಲಗಿಬಿಟ್ಟ."

ಅಪ್ಪನ ತಪಾಸಣೆ

ಕಾರು ಎತ್ತಿದೆ. ಪಂಚರ್ ಹಾಕಿದೆ. ಒಂದು ಗೀರು ಸಹ ಇಲ್ಲದೆ ಇಳಿಸಿದೆ. ಅಷ್ಟರಲ್ಲಿ ಡಾಕ್ಟರ ಅಪ್ಪ ಸ್ಕೂಟರ್ ಮೇಲೆ ಬಂದರು. ಬ್ಯಾಂಕಿನಿಂದ ರಿಟೈರ್ ಆದವರು. ಮಗ ತಡವಾಗುತ್ತೆ ಅಂತ ಫೋನ್ ಮಾಡಿದ್ದೇ ತಪ್ಪಾಯಿತು.

"ಎಲ್ಲಿ ಡೆಂಟ್?"

"ಇಲ್ಲಪ್ಪಾ."

"ಇರುತ್ತೆ. ನೋಡ್ತೀನಿ. ಗಿರಾಕಿ ರೆಡಿ ಇದ್ದಾನೆ."

ಹೆಲ್ಮೆಟ್ ತೆಗೆಯಲೂ ಅವರಿಗೆ ಪುರುಸೊತ್ತಿಲ್ಲ. ಸುತ್ತ ತಿರುಗಿದರು. ಬಾಗಿಲು ಸವರಿದರು. ಕೂತು ನೋಡಿದರು, ಬಗ್ಗಿ ನೋಡಿದರು. ಏನೂ ಸಿಗಲಿಲ್ಲ. ಡಾಕ್ಟರು ಟವೆಲ್ಲಿನಿಂದ ಬೆವರು ಒರೆಸಿಕೊಳ್ಳುತ್ತಿದ್ದರು. ಆ ಟವೆಲ್ಲು ನಮ್ಮ ಗ್ರೀಸಿನದು. ಮುಖ ಕಪ್ಪಾಗಿತ್ತು. ಹೇಳುವ ಧೈರ್ಯ ನನಗಿರಲಿಲ್ಲ.

ಕೊನೆಗೆ ಅಪ್ಪ ಮುಂದಿನ ಮಡ್‌ಗಾರ್ಡಿನ ಅಂಚಿನ ಕೆಳಗೆ ಬಗ್ಗಿ ಇಣುಕಿದರು.

"ಪರವಾಗಿಲ್ಲ, ಚೆನ್ನಾಗೇ ಎತ್ತಿದ್ದೀರಿ," ಅಂದು ಖುಷಿಯಲ್ಲಿ ಎದ್ದರು.

ಟಣ್ ಅಂತು.

ಮಡ್‌ಗಾರ್ಡಿನ ಅಂಚಿಗೆ ಲಿಂಬಿಹಣ್ಣಿನಷ್ಟು ನೆಗ್ಗು. ಅಪ್ಪ ಅದನ್ನು ಬೆರಳಿನಿಂದ ಸವರಿದರು. ಮಗನ ಮುಖ ನೋಡಿದರು.

"ಇದು ಮೊದಲೇ ಇತ್ತಲ್ವಾ?"

"ಇತ್ತಪ್ಪಾ. ತಗೊಂಡಾಗಲೇ ಇತ್ತು."

"ಹಾಗಾದ್ರೆ ಮಾರೋದು ಬೇಡ. ಡೆಂಟ್ ಇರೋ ಕಾರು ಇನ್ನೊಬ್ಬರ ತಲೆಗೆ ಕಟ್ಟೋದು ಮರ್ಯಾದೆ ಅಲ್ಲ. ನೀನೇ ಇಟ್ಕೋ."

ಡಾಕ್ಟರು ಹೂಂ ಅಂದರು. ನಾನು ಜಾಕ್ ಒರೆಸುತ್ತ ತಲೆ ಬಗ್ಗಿಸಿದೆ. ಹೆಂಡತಿಗೆ ಮಾತ್ರ ಸುಮ್ಮನಿರಲು ಆಗಲಿಲ್ಲ.

"ಹೌದ್ರಿ ಹಿರಿಯರ, ಮೊದಲ ಇತ್ತು," ಅಂದಳು ಬಾಗಿಲಿನಿಂದ. "ಹೆಲ್ಮೆಟ್ಟಿನ ಬಣ್ಣ ಅಷ್ಟ ಈಗ ಹತ್ತೇತಿ."