ಬಂದವರೆಲ್ಲ ನೋಡಿಹೋದ ಮಂಡಿ

ಮಂಡಿಗೆ ಲೋಹದ ಕೀಲು ಹಾಕಿಸಿಕೊಂಡ ಮೇಲೆ ಅದು ನನ್ನದಾಗಿ ಉಳಿದಿಲ್ಲ. ದಿನಬೆಳಗಾದರೆ ಯಾರಾದರೊಬ್ಬರು ಅದರ ವಿಚಾರಣೆಗೆ ಬರುತ್ತಾರೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ದೇಶ ಸುತ್ತಿದವನು ನಾನು. ಈಚೆಗೆ ಈ ಪರದೇಶದಲ್ಲಿ ಗಿಲ್‌ರಾಯ್ ಎಂಬ ಊರಿನಿಂದ ಬೆಳ್ಳುಳ್ಳಿ ಟ್ರಕ್ಕು ಓಡಿಸುತ್ತಿದ್ದೆ. ಮತ್ತೆ ರಸ್ತೆ ಹಿಡಿಯಬೇಕೆಂಬ ಒಂದೇ ಆಸೆಗೆ ಆಪರೇಷನ್ನಿಗೆ ಒಪ್ಪಿದೆ. ವಾಸಿಯಾಗುವವರೆಗೆ ಇರೋಣ ಅಂತ ಸ್ಯಾನ್ ರಮೋನ್‌ನಲ್ಲಿರುವ ಅಕ್ಕನ ಮನೆಗೆ ಬಂದೆ. ಅಲ್ಲೇ ಕೆಟ್ಟೆ.

೧. ಗುರಿ

ಆಸ್ಪತ್ರೆಯಲ್ಲಿ ಮಂಡಿಗೆ ವ್ಯಾಯಾಮ ಮಾಡಿಸುವ ಹುಡುಗಿ ಮೊದಲ ದಿನವೇ ಕೇಳಿದಳು, "ನಿಮ್ಮ ಗುರಿ ಏನು?"

"ಹೊರಡೋದು."

"ಎಲ್ಲಿಗೆ?"

"ಅದಿನ್ನೂ ಗೊತ್ತಿಲ್ಲ."

"ಹಾಗಂತ ಬರೆಯೋಕಾಗಲ್ಲ. ಕೆಲವರು ಗಾಲ್ಫ್ ಆಡಬೇಕು ಅಂತಾರೆ."

ಗೊತ್ತುಗುರಿ ಇಲ್ಲದೆ ಇಷ್ಟು ವರ್ಷ ತಿರುಗಿದ್ದೇನೆ, ಒಂದು ದಿನವೂ ದಾರಿ ತಪ್ಪಿಲ್ಲ. ರೇಗಿ ಮುಖ ತಿರುಗಿಸಿದೆ. ಅವಳು ಗಾಲ್ಫ್ ಅಂತಲೇ ಬರೆದುಕೊಂಡಳು. ಈಗ ಹೋದಾಗಲೆಲ್ಲ ಕೈಗೊಂದು ಕೋಲು ಕೊಟ್ಟು ಚೆಂಡು ಹೊಡೆಸುತ್ತಾಳೆ. ಆ ಆಟವನ್ನು ನಾನು ಟಿ.ವಿ.ಯಲ್ಲೂ ನೋಡಿದವನಲ್ಲ.

೨. ವ್ಯಾಪಾರ

ಪಕ್ಕದ ಬೀದಿಯ ಹಾಸನದ ಯಜಮಾನರು ಮಂಡಿನೋವಿನ ಹೆಂಡತಿಯನ್ನು ಕರಕೊಂಡು ಬಂದರು. ಕಾಫಿ ಕುಡಿಯುವ ಮೊದಲೇ ಶುರು: "ಒಂಚೂರು ನಡೀರಿ. ಹಿಂದಕ್ಕೆ ತಿರುಗಿ. ಮೆಟ್ಟಿಲು ಹತ್ತಿ ನೋಡಣ." ಕಡೆಗೆ ಬಗ್ಗಿ ಬೆರಳಲ್ಲಿ ಮಂಡಿ ತಟ್ಟಿ, ಕಿವಿಗೊಟ್ಟು ಕೇಳಿದರು.

"ಎತ್ತು ಕೊಳ್ಳೋಕೆ ಬಂದಿದೀರಾ? ಹಲ್ಲೂ ತೋರಿಸ್ಲಾ?" ಅಂದೆ.

ಅವರು ಬೇಜಾರೇ ಮಾಡಿಕೊಳ್ಳಲಿಲ್ಲ. "ಬೇಡ ಬಿಡಿ. ಇವಳಿಗೆ ಹೋದ ವರ್ಷವೇ ಹಲ್ಲು ಕಟ್ಟಿಸ್ದೆ. ಮಂಡಿ ಒಂದೇ ಬಾಕಿ."

೩. ಅಕ್ಕನ ತೀರ್ಪು

ಮಂಡಿ ಚೆನ್ನಾಗಿ ಕೂತಿದೆ, ಟ್ರಕ್ಕು ಓಡಿಸಬಹುದು ಅಂದರು ಡಾಕ್ಟರು. ಅಕ್ಕ ಒಪ್ಪಲಿಲ್ಲ.

"ನೆಲದ ಮೇಲೆ ಚಕ್ಕಳಮಕ್ಕಳ ಹಾಕ್ಕೊಂಡು ಕುಂತ್ಕೊ, ನೋಡಾನ."

"ಅದಾಗಲ್ಲಕ್ಕ. ಡಾಕ್ಟರೇ ಬೇಡ ಅಂದವ್ರೆ."

"ಕುಂತ್ಕೊಳಕ್ಕೆ ಬರ್ದಿದ್ಮೇಲೆ ಅದೆಂಥ ಮಂಡಿನೋ? ಎಲ್ಲಿಗೂ ಹೋಗ್ಬೇಡ."

"ಟ್ರಕ್ಕಲ್ಲಿ ಯಾರಕ್ಕ ಚಕ್ಕಳಮಕ್ಕಳ ಹಾಕ್ತಾರೆ?"

ಅವಳು ತಾನೇ ನೆಲಕ್ಕೆ ಕೂತು ಎಷ್ಟೋ ವರ್ಷವಾಗಿದೆ. ತನ್ನ ನೋಯುವ ಮಂಡಿ ಹಿಡಿದುಕೊಂಡು ಅಡಿಗೆಮನೆಯಲ್ಲಿ ಸ್ಟೂಲಿನ ಮೇಲಿರುತ್ತಾಳೆ, ಆಪರೇಷನ್ ಅಂದರೆ ಬೆವರುತ್ತಾಳೆ. ನನಗೆ ಬುದ್ಧಿ ಹೇಳುವುದು ಮಾತ್ರ ಬಿಡುವುದಿಲ್ಲ. ಸಿಟ್ಟು ನೆತ್ತಿಗೇರಿತು. ಊರುಗೋಲನ್ನು ಮೂಲೆಗೆ ಎಸೆದು ಹೊರಬಿದ್ದೆ. ಮನೆ ಎದುರಿನ ಗುಡ್ಡವನ್ನು ಒಂದೇ ಉಸಿರಿಗೆ ಹತ್ತಿ, ಸರಸರ ಇಳಿದು ಬಂದೆ. ಎಲ್ಲೂ ಚುಳ್ ಅನ್ನಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದೆ, "ಅಕ್ಕ, ನಾಳೆ ಹೊರಡ್ತೀನಿ."

ಅಕ್ಕ ಆಗತಾನೇ ಫೋನು ಕೆಳಗಿಡುತ್ತಿದ್ದಳು. ಮುಖ ಅರಳಿತ್ತು.

"ಕಿಟಕೀಲಿ ನೋಡ್ತಾನೇ ಇದ್ದೆ ಕಣೋ. ಗುಡ್ಡ ಹೆಂಗ್ ಹತ್ಬುಟ್ಟೆ! ನಂಗೂ ಧೈರ್ಯ ಬಂತು. ನಾನೂ ಮಾಡಿಸ್ಕತೀನಿ ಅಂತ ಆಸ್ಪತ್ರೆಗೆ ಹೇಳ್ಬುಟ್ಟೆ. ಮನೇಲಿ ನೋಡ್ಕೊಳ್ಳೋರು ಯಾರು ಅಂದ್ರು. ನಮ್ಮ ತಮ್ಮ ಅವ್ನೆ, ಗುಡ್ಡ ಹತ್ತಂಗವ್ನೆ ಅಂದೆ."

ನಾನು ಕೇಳಿದೆ, "ಒಂದು ಮಂಡಿ ತಾನೆ, ಅಕ್ಕ?"

"ಎರಡೂ ಕಣೋ. ಒಂದು ಪೂರ್ತಿ ವಾಸಿ ಆದ್ಮೇಲೆ ಇನ್ನೊಂದು. ಆತುರ ಏನದೆ? ನೀನು ಹೆಂಗೂ ಇರ್ತೀಯಲ್ಲ."