ನಮ್ಮ ಬೀದಿಯ ಇಪ್ಪತ್ತಾರು ಬೆಕ್ಕುಗಳು

ಮೂರು ಜನಗಣತಿ ಮಾಡಿದ ಮನುಷ್ಯನಿಗೆ ಬೆಕ್ಕಿನ ಗಣತಿ ಯಾವ ಲೆಕ್ಕ ಎಂದು ನಾನು ಅಂದುಕೊಂಡಿದ್ದೆ. ಮೂವತ್ತೆರಡು ವರ್ಷ ಮೇಷ್ಟ್ರಾಗಿದ್ದು ನಿವೃತ್ತನಾದವನು ನಾನು. ಎಸ್ಟೇಟಿನ ಕೂಲಿಕಾರರ ಲೈನ್ ಮನೆಗಳಿಗೆ ಹೋಗಿ ಜಿಗಣೆ ಕಚ್ಚಿಸಿಕೊಂಡು, ನಾಯಿಗಳಿಂದ ಅಟ್ಟಿಸಿಕೊಂಡು, ಒಂದು ತಲೆಯೂ ಬಿಡದಂತೆ ಎಣಿಸಿ ಬಂದಿದ್ದೇನೆ. ಮನುಷ್ಯರಾದರೆ ವಯಸ್ಸು ಮುಚ್ಚಿಡುತ್ತಾರೆ, ಕೆಲಸ ದೊಡ್ಡದು ಮಾಡಿ ಹೇಳುತ್ತಾರೆ. ಬೆಕ್ಕಿಗೆ ಅಂಥ ಗುಣವಿಲ್ಲ. ಆದ್ದರಿಂದ ಇದು ಸಲೀಸು ಕೆಲಸ ಎಂಬ ತೀರ್ಮಾನಕ್ಕೆ ಬಂದಿದ್ದೆ.

ಸುಂಟಿಕೊಪ್ಪದ ನಮ್ಮ ಬೀದಿಯ ಒಂದು ತುದಿಗೆ ಹಮೀದಾಕನ ಮೀನಿನ ಅಂಗಡಿ, ಇನ್ನೊಂದು ತುದಿಗೆ ಸುರೇಶನ ಬೇಕರಿ. ನಡುವೆ ನಾವು ಹನ್ನೆರಡು ಮನೆಯವರು ಮತ್ತು ನಮ್ಮೆಲ್ಲರಿಗಿಂತ ಹೆಚ್ಚು ಓಡಾಡುವ ಬೆಕ್ಕುಗಳು. ಇವು ಯಾರ ಬೆಕ್ಕೂ ಅಲ್ಲ, ಎಲ್ಲರ ಮನೆಯಲ್ಲೂ ತಿನ್ನುತ್ತವೆ. ಬಹುಕಾಲ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಒಂದು ಬೆಳಿಗ್ಗೆ ಸುರೇಶನ ಪಫ್ಸ್ ತಟ್ಟೆಯ ಮೇಲೆ ಒಂದು ಗಂಡು ಬೆಕ್ಕು ಕಾಲು ಚಾಚಿ ಮಲಗಿದ್ದನ್ನು ಗಿರಾಕಿಯೊಬ್ಬರು ಫೋಟೊ ತೆಗೆದು ಊರಿಗೆಲ್ಲ ಕಳಿಸಿದರು. ಅಂದು ಸಂಜೆಯೇ ಬೇಕರಿಯ ಮುಂದೆ ಬೀದಿಯವರ ಸಭೆ ಸೇರಿತು.

“ಗೋಣಿಚೀಲ ತಂದಿಟ್ಟಿದೀನಿ,” ಎಂದ ಸುರೇಶ. “ಎಲ್ಲಾನೂ ಹಿಡ್ದು ತುಂಬಿ, ಪಿಕಪ್‌ನಲ್ಲಿ ಹಾಕ್ಕೊಂಡ್ಹೋಗಿ ಕುಟ್ಟದ ಕಾಡಿನ ಬದೀಲಿ ಬಿಟ್ಟು ಬರೋದು. ನನ್ ವ್ಯಾಪಾರ ಹಾಳಾಗ್ತಾ ಇದೆ.”

ನನ್ನ ಹೆಂಡತಿ ಗಿರಿಜ ನನ್ನ ಅಂಗಿ ಜಗ್ಗಿದಳು. “ನಮ್ ಗೌರೀನೂ ಚೀಲಕ್ಕೆ ಹಾಕ್ತಾರೇನ್ರೀ?” ಎಂದು ಕೇಳಿದಳು.

ಗೌರಿ ದಿನಾ ಬೆಳಿಗ್ಗೆ ಎಂಟಕ್ಕೆ ನಮ್ಮ ಹಿತ್ತಿಲ ಬಾಗಿಲಿಗೆ ಬಂದು ಮೊಸರನ್ನ ತಿನ್ನುವ ಮೂರು ಬಣ್ಣದ ಹೆಣ್ಣು ಬೆಕ್ಕು. ನಮ್ಮದು ಮೊಟ್ಟೆಯೂ ಹೊಸಿಲು ದಾಟದ ಶೈವರ ಮನೆ. ಗೌರಿ ನಮ್ಮ ಮನೆಯ ನಡೆನುಡಿಗೆ ಹೇಗೆ ಹೊಂದಿಕೊಂಡಿದ್ದಾಳೆ ಎಂದು ಬಂದವರಿಗೆಲ್ಲ ನಾನು ಹೆಮ್ಮೆಯಿಂದ ಹೇಳುತ್ತಿದ್ದೆ. ಮಕ್ಕಳಿಲ್ಲದ ನಮ್ಮ ಮನೆಯಲ್ಲಿ ಗಿರಿಜ ಆ ಬೆಕ್ಕಿನ ಜೊತೆ ಆಡುವಷ್ಟು ಮಾತನ್ನು ನನ್ನ ಜೊತೆ ಆಡುವುದಿಲ್ಲ.

ನಾನು ಎದ್ದು ನಿಂತೆ. ಮೊಬೈಲಿನಲ್ಲಿ ಓದಿದ್ದೆಲ್ಲ ನೆನಪಿತ್ತು. “ಮಾನ್ಯರೇ, ಇರುವ ಬೆಕ್ಕನ್ನು ಸಾಗಿಸಿದರೆ ಖಾಲಿ ಜಾಗಕ್ಕೆ ಹೊಸ ಬೆಕ್ಕು ಬರುತ್ತದೆ. ಕಾಡಿಗೆ ಬಿಟ್ಟದ್ದು ಹಸಿವಿನಿಂದ ಸಾಯುತ್ತದೆ. ಒಂದೊಂದನ್ನೇ ಹಿಡಿದು, ಮರಿಯಾಗದ ಹಾಗೆ ಆಪರೇಷನ್ ಮಾಡಿಸಿ, ಇಂಜೆಕ್ಷನ್ ಹಾಕಿಸಿ, ಗುರುತಿಗೆ ಕಿವಿಯ ತುದಿ ಒಂಚೂರು ಕತ್ತರಿಸಿ, ಹಿಡಿದ ಜಾಗದಲ್ಲೇ ಬಿಡಬೇಕು. ಇದೇ ಕರುಣೆಯ ದಾರಿ,” ಎಂದೆ. ಚಪ್ಪಾಳೆ ಬೀಳಲಿಲ್ಲ. ಆದರೂ ಸುರೇಶ ಒಂದು ತಿಂಗಳು ಕಾಯಲು ಒಪ್ಪಿದ.

ಮರುದಿನವೇ ರಿಜಿಸ್ಟರ್ ತೆರೆದು ಗಣತಿ ಆರಂಭಿಸಿದೆ. ಮನೆಮನೆಗೆ ಹೋಗಿ ಹೆಸರು, ಬಣ್ಣ, ಲಿಂಗ, ಆಹಾರ, ನಡತೆ ಎಲ್ಲವನ್ನೂ ಬರೆದುಕೊಂಡೆ. ಹಮೀದಾಕ, “ಮಾಷೇ, ನಮ್ಮ ಸುಲುವನ್ನು ಈಗ ಹಿಡಿಯುವುದು ಬೇಡ. ಮರಿ ಹಾಕಿ ಎರಡು ದಿನ ಆದದ್ದಷ್ಟೆ. ಎಲ್ಲಿ ಇಟ್ಟಿದ್ದಾಳೆ ಅಂತ ಗೊತ್ತಿಲ್ಲ,” ಎಂದ. ‘ಸುಲು, ಹೆಣ್ಣು, ಮತ್ತಿ ಮೀನು ತಿನ್ನುತ್ತದೆ, ಬಾಣಂತಿ, ಹಿಡಿಯತಕ್ಕದ್ದಲ್ಲ’ ಎಂದು ಕೆಂಪು ಶಾಯಿಯಲ್ಲಿ ಬರೆದೆ. ಜೇನು, ಕಾಳುಮೆಣಸು ಮಾರುವ ಬೊಳ್ಳಮ್ಮ, “ನಮ್ಮ ರಾಣಿಯನ್ನು ಮೊದಲು ತೆಕ್ಕೊಂಡು ಹೋಗಿ ಮೇಷ್ಟ್ರೇ. ವರ್ಷಕ್ಕೆ ಮೂರು ಸಲ ಹೊಟ್ಟೆ ಬರ್ತದೆ, ಪಾಪ, ನೋಡ್ಲಿಕ್ಕೆ ಆಗುದಿಲ್ಲ,” ಎಂದರು. ‘ರಾಣಿ, ಹೆಣ್ಣು, ಹಂದಿ ಸಾರಿನ ಮೂಳೆ ತಿನ್ನುತ್ತದೆ, ಮೊದಲ ಆದ್ಯತೆ’ ಎಂದು ಹಸಿರು ಶಾಯಿಯಲ್ಲಿ ಬರೆದೆ. ನಮ್ಮ ಮನೆಯ ಪುಟದಲ್ಲಿ ‘ಗೌರಿ, ಹೆಣ್ಣು, ಶುದ್ಧ ಸಸ್ಯಾಹಾರಿ, ನಡತೆ ಉತ್ತಮ’ ಎಂದು ಬರೆದು ಕೆಳಗೆ ಗೆರೆ ಎಳೆದೆ. ಬೆಕ್ಕಿನ ವೈರಿ ಎಂದು ಸುರೇಶನ ಬೇಕರಿಗೆ ಮಾತ್ರ ಹೋಗಲಿಲ್ಲ.

ಒಟ್ಟು ಇಪ್ಪತ್ತಾರು ಬೆಕ್ಕು! ಬೀದಿಯವರು ಹತ್ತೋ ಹನ್ನೆರಡೋ ಎಂದುಕೊಂಡಿದ್ದರು. ನಾನು ಸಂಖ್ಯೆ ಓದಿದ ಕೂಡಲೇ ಎಲ್ಲರ ಮುಖ ಬಿಳಿಚಿತು. ಸುರೇಶ, “ತಿಂಗಳೆಲ್ಲ ಆಗಲ್ಲ ಮೇಷ್ಟ್ರೇ, ಹದಿನೈದೇ ದಿನ. ಆಮೇಲೆ ಚೀಲವೇ,” ಎಂದ. ಹೀಗೆ ಬೆಕ್ಕುಗಳನ್ನು ಉಳಿಸಲು ಹೊರಟವನು ಮೊದಲ ವಾರದಲ್ಲೇ ಅವುಗಳ ವಾಯಿದೆಯನ್ನು ಅರ್ಧಕ್ಕೆ ಇಳಿಸಿದೆ. ಮನೆಗೆ ಬಂದಾಗ ಗಿರಿಜ, “ಯಾರ್ರೀ ನಿಮ್ಮನ್ನ ಎಣಿಸಿ ಅಂದೋರು?” ಎಂದಳು.

ಪಶು ಆಸ್ಪತ್ರೆಯ ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವರು, ತಾಳ್ಮೆಯಲ್ಲಿ ದೊಡ್ಡವರು. ಒಂದು ಬೋನು ಕೊಟ್ಟು ಎಲ್ಲ ಬಿಡಿಸಿ ಹೇಳಿದರು. ಹಿಂದಿನ ಸಂಜೆ ಹಿಡಿಯಬೇಕು, ಆಮೇಲೆ ಊಟ ಕೊಡಬಾರದು. ಬಾಗಿಲು ಬಿದ್ದ ತಕ್ಷಣ ಬಟ್ಟೆ ಮುಚ್ಚಬೇಕು, ಕತ್ತಲಾದರೆ ಬೆಕ್ಕು ಸುಮ್ಮನಾಗುತ್ತದೆ, ಇಣುಕಿ ನೋಡಬಾರದು. “ಒಳಗೆ ಘಮ್ಮನ್ನೋದು ಏನಾದ್ರೂ ಇಡಿ ಸರ್,” ಎಂದರು.

ನಮ್ಮ ಮನೆಯಲ್ಲಿ ಘಮ್ಮೆನ್ನುವುದು ಒಗ್ಗರಣೆ ಹಾಕಿದ ಮೊಸರನ್ನ. ಇಂಗು, ಸಾಸಿವೆ, ಕರಿಬೇವು ಹಾಕಿಸಿ ಬೋನಿನೊಳಗೆ ಇಟ್ಟೆ. ಮೊದಲ ದಿನ ಒಂದು ಕಾಗೆ ಸಿಕ್ಕಿತು. ಎರಡನೆಯ ದಿನ ಹೆಗ್ಗಣ. ಮೂರನೆಯ ದಿನ ಬೊಳ್ಳಮ್ಮನವರ ಹುಂಜ ಸಿಕ್ಕಿ, ಬಿಡಿಸುವಾಗ ನನ್ನ ಕೈ ಕುಕ್ಕಿತು. ಬೆಕ್ಕುಗಳು ಗೋಡೆಯ ಮೇಲೆ ಸಾಲಾಗಿ ಕುಳಿತು ಇದೆಲ್ಲವನ್ನೂ ನೋಡಿದವು.

ಹಮೀದಾಕ ಬಂದು ಬೋನಿನೊಳಗೆ ಬಗ್ಗಿ ನೋಡಿದ. “ಮಾಷೇ, ಬೇಜಾರು ಮಾಡಬೇಡಿ. ಈ ಅನ್ನ ಇಟ್ಟದ್ದು ಯಾರಿಗೆ?”

“ಬೆಕ್ಕಿಗೆ. ನಮ್ಮ ಗೌರಿ ಇದನ್ನೇ ತಿನ್ನೋದು.”

“ನಿಮ್ಮ ಮನೆಗೆ ಬಂದದ್ದು ಎಂತ ಮಾಡ್ಲಿಕ್ಕೆ ಉಂಟು, ಕೊಟ್ಟದ್ದು ತಿಂತದೆ,” ಎಂದು ಅವನೇ ನಾಲ್ಕು ಮತ್ತಿ ಮೀನು ತಂದು ಬೋನಿನೊಳಗೆ ಇಟ್ಟ. ಆ ವಾಸನೆಗೆ ನಾನು ಮೂಗಿಗೆ ಟವೆಲ್ ಕಟ್ಟಿಕೊಂಡು, ಬೊಳ್ಳಮ್ಮನವರ ಹಿತ್ತಿಲಲ್ಲಿ ಬೋನು ಹೂಡಿ ದೂರ ನಿಂತೆ. ಹತ್ತೇ ನಿಮಿಷದಲ್ಲಿ ಬಾಗಿಲು ಠಕ್ಕನೆ ಬಿತ್ತು. ಬೊಳ್ಳಮ್ಮ ಕಿಟಕಿಯಿಂದ, “ರಾಣಿ, ರಾಣಿ ಸಿಕ್ಕಿದ್ಳು,” ಎಂದರು. ಸಂಜೆಯ ಮಬ್ಬಿನಲ್ಲಿ ನನಗೆ ಕಂಡದ್ದು ಒಂದು ಬಾಲ. ಡಾಕ್ಟರಮ್ಮ ಹೇಳಿದ ಹಾಗೆ ನನ್ನ ಪಂಚೆಯನ್ನೇ ಬೋನಿಗೆ ಮುಚ್ಚಿದೆ. ರಿಜಿಸ್ಟರಿನಲ್ಲಿ ರಾಣಿಯ ಮುಂದೆ ಸರಿ ಗುರುತು ಹಾಕಿದಾಗ ಆದ ಸಂತೋಷ ಅಷ್ಟಿಷ್ಟಲ್ಲ.

ಮಾರನೆಯ ಬೆಳಿಗ್ಗೆ ಗೌರಿ ಊಟಕ್ಕೆ ಬರಲಿಲ್ಲ. “ಹತ್ತು ದಿನದಿಂದ ಇಳಿದ್ಹೋಗಿದ್ಲು. ತುಪ್ಪ ಹೆಚ್ಗೆ ಹಾಕಿದ್ರೂ ಮೈ ಹತ್ಲಿಲ್ಲ,” ಎಂದು ಗಿರಿಜ ಹಿತ್ತಿಲಲ್ಲಿ ಕೂಗಿ ಕರೆಯುತ್ತಿದ್ದಳು. ನಾನು ಅವಳಿಗೆ ಧೈರ್ಯ ಹೇಳಿ, ಗೆದ್ದವನ ಹಾಗೆ ಬೋನು ಹೊತ್ತು ಆಟೋ ಹತ್ತಿದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪಂಚೆ ಸರಿಸಿದರು. ಒಳಗಿಂದ ನನ್ನನ್ನು ನೋಡಿದ್ದು ನಮ್ಮ ಗೌರಿ.

“ಇದು ರಾಣಿ ಅಲ್ಲ, ಗೌರಿ,” ಎಂದೆ. “ಇವಳು ಮೀನು ಮುಟ್ಟೋಳಲ್ಲ. ಹೇಗೆ ಬೋನಿಗೆ ಬಂದ್ಲೋ.”

ಡಾಕ್ಟರಮ್ಮ ಮೀನಿನ ಮುಳ್ಳು ಕೂಡ ಉಳಿಯದ ಬೋನನ್ನು ನೋಡಿದರು, ನನ್ನನ್ನು ನೋಡಿದರು. ಮೆಲ್ಲಗೆ ಬೆಕ್ಕಿನ ಹೊಟ್ಟೆ ಪರೀಕ್ಷಿಸಿದರು. ಅವರ ಮುಖ ಬದಲಾಯಿತು. “ಸರ್, ಇದು ಹಾಲು ಕೊಡ್ತಿರೋ ತಾಯಿ. ಎದೆ ಕಟ್ಕೊಂಡಿದೆ ನೋಡಿ. ಮರಿ ಎಲ್ಲಿದಾವೆ?”

ನನ್ನ ಕೈಯಲ್ಲಿದ್ದ ರಿಜಿಸ್ಟರಿನ ಕೆಂಪು, ಹಸಿರು ಶಾಯಿ ಆಗ ಒಂದಾಯಿತು. ಬೆಳಿಗ್ಗೆ ಆರಕ್ಕೆ ಮೀನಂಗಡಿಯಲ್ಲಿ ಸುಲು, ಎಂಟಕ್ಕೆ ನಮ್ಮಲ್ಲಿ ಗೌರಿ, ಮಧ್ಯಾಹ್ನ ಬೊಳ್ಳಮ್ಮನವರಲ್ಲಿ ರಾಣಿ. ಮೂವರೂ ಒಬ್ಬಳೇ. ಹಿಡಿಯತಕ್ಕದ್ದಲ್ಲ ಎಂದು ನಾನೇ ಬರೆದವಳನ್ನು ಮೊದಲ ಆದ್ಯತೆಯ ಮೇಲೆ ನಾನೇ ಹಿಡಿದಿದ್ದೆ. ಹತ್ತು ದಿನದ ಮರಿಗಳು ಎಲ್ಲೋ ಒಂದು ಕಡೆ ಹದಿನಾರು ಗಂಟೆಯಿಂದ ಹಾಲಿಲ್ಲದೆ ಬಿದ್ದಿದ್ದವು.

“ಈಗ್ಲೇ ವಾಪಸ್ ಕರ್ಕೊಂಡ್ಹೋಗಿ, ಹಿಡಿದಲ್ಲೇ ಬಿಡಿ. ಅವಳೇ ಮರಿ ಹತ್ರ ಹೋಗ್ತಾಳೆ. ಆಪರೇಷನ್ ಎರಡು ತಿಂಗಳು ಬಿಟ್ಟು ನೋಡೋಣ. ಒಂದೇ ಮಾತು ಸರ್, ಹಿಂದೆ ಹೋಗ್ಬೇಡಿ,” ಎಂದರು ಡಾಕ್ಟರಮ್ಮ.

ಆಟೋದಲ್ಲಿ ಬರುತ್ತಲೇ ಗಿರಿಜಳಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಅವಳು ಫೋನ್ ಇಟ್ಟವಳೇ ಬೀದಿಗೆಲ್ಲ ಸುದ್ದಿ ಮುಟ್ಟಿಸಿದಳು. ನಾನು ಬಂದು ಇಳಿಯುವಷ್ಟರಲ್ಲಿ ಬೀದಿಯೆಲ್ಲ ಬೊಳ್ಳಮ್ಮನವರ ಹಿತ್ತಿಲಲ್ಲಿತ್ತು. ಬೋನಿನ ಬಾಗಿಲು ತೆಗೆದೆ. ಗೌರಿ ಬಾಣದಂತೆ ಹೊರಟಳು.

ಹಿಂದೆ ಹೋಗಬೇಡಿ ಎಂದದ್ದು ನೆನಪಿತ್ತು. ಆದರೆ ಮರಿಗಳು ಸರಿಯಾಗಿವೆಯೋ ಇಲ್ಲವೋ ನೋಡದೆ ಹೇಗಿರುವುದು? ನಾಲ್ಕು ಹೆಜ್ಜೆ ಹೋದೆ. ನನ್ನ ಹಿಂದೆ ಹಮೀದಾಕ, ಅವನ ಹಿಂದೆ ಬೊಳ್ಳಮ್ಮ, ಅವರ ಹಿಂದೆ ಬೀದಿ. ಗೌರಿ ತಿರುಗಿ ನೋಡಿದಳು. ಇಷ್ಟು ಜನರಿಗೆ ಮರಿಗಳ ಜಾಗ ತೋರಿಸುವಷ್ಟು ದಡ್ಡಿ ಅವಳಲ್ಲ. ಹಲಸಿನ ಮರ ಹತ್ತಿ ಹಂಚಿನ ಮೇಲೆ ಹಾರಿ ಅಲ್ಲೇ ಕುಳಿತುಬಿಟ್ಟಳು.

“ಗೌರೀ,” ಎಂದು ಕರೆದೆ. “ಸುಲೂ, ಬಾ ಮೋಳೇ,” ಎಂದು ಮಗಳನ್ನು ಕರೆಯುವ ಹಾಗೆ ಕರೆದ ಹಮೀದಾಕ. “ರಾಣೀ,” ಎಂದರು ಬೊಳ್ಳಮ್ಮ. ಕರೆದು ಮುಗಿಸಿ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಗೌರಿ ಯಾರಿಗೂ ಓಗೊಡಲಿಲ್ಲ. ಒಂದು ಗಂಟೆಯಾಯಿತು. ನಾನು ಏಣಿ ತರಿಸಿದೆ. ಏಣಿ ಕಂಡು ಅವಳು ಇನ್ನೂ ಮೇಲಕ್ಕೆ ಹೋದಳು. ಗಿರಿಜ ಕಟ್ಟೆಯ ಮೇಲೆ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳ ಕಡೆ ನೋಡಲು ನನಗೆ ಮುಖವಿರಲಿಲ್ಲ. ನನ್ನ ಬುದ್ಧಿಗೆ ಇಷ್ಟು ಬೆಂಕಿ ಬಿದ್ದದ್ದು ಯಾವತ್ತೂ ಇಲ್ಲ.

ಅಷ್ಟರಲ್ಲಿ ಸುರೇಶ ಮೈದಾ ಹಿಟ್ಟಿನ ಕೈಯಲ್ಲೇ ಬೇಕರಿಯಿಂದ ಬಂದ. “ಎಲ್ರೂ ಒಳಗೆ ಹೋಗ್ರಿ. ನೀವಿಷ್ಟು ಜನ ನಿಂತ್ರೆ ಲಕ್ಷ್ಮಿ ಹೆಂಗೆ ಇಳೀತಾಳೆ?”

“ಲಕ್ಷ್ಮಿ ಯಾರು?” ಎಂದೆ.

ಸುರೇಶ ನೆಲ ನೋಡಿದ. “ಮರಿ ನನ್ ಗೋಡೌನಲ್ಲಿದಾವೆ. ಒಲೆ ಗೋಡೆ ಹಿಂದೆ, ಬೆಚ್ಚಗಿದೆ ಅಂತ. ಆ ಗೋಣಿಚೀಲದ ಮೇಲೇ ಹೆತ್ತಿದಾಳೆ. ರಾತ್ರಿಯಿಂದ ಕೂಗ್ತಾ ಇದಾವೆ, ಬೆಳಿಗ್ಗೆ ಹತ್ತಿ ಅದ್ದಿ ಹಾಲು ಹಿಂಡಿದೆ, ಎರಡು ಕುಡಿದ್ವು, ಎರಡು ಕುಡೀಲಿಲ್ಲ. ಮೇಷ್ಟ್ರೇ, ದಮ್ಮಯ್ಯ, ನೀವು ಮೊದ್ಲು ಹೋಗಿ.”

ಕಾಡಿಗೆ ಸಾಗಿಸುವವನ ಬಾಯಲ್ಲಿ ದಮ್ಮಯ್ಯ ಎನ್ನಿಸಿದ್ದೆ. ಗಿರಿಜ ನನ್ನ ತೋಳು ಹಿಡಿದು ಮನೆಯೊಳಗೆ ಎಳೆದುಕೊಂಡು ಹೋಗಿ ಕಿಟಕಿಯನ್ನೂ ಹಾಕಿದಳು. ಬೀದಿ ಮುಷ್ಕರದ ದಿನದ ಹಾಗೆ ಖಾಲಿಯಾಯಿತು. ಇಬ್ಬರೂ ಫೋನ್ ಮುಂದಿಟ್ಟುಕೊಂಡು ಕುಳಿತೆವು. ಅರ್ಧ ಗಂಟೆಯ ಮೇಲೆ ಸುರೇಶನ ಪಿಸುದನಿ ಬಂತು. “ಬಂದ್ಲು. ನಾಲ್ಕೂ ಕುಡೀತಾ ಇದಾವೆ.”

ಗಿರಿಜ ಜೋರಾಗಿ ಅತ್ತಳು. ನಾನೂ ಅತ್ತೆ, ಮುಚ್ಚಿಡುವುದೇನು. ಆಮೇಲೆ ಅವಳು ಕಣ್ಣೊರೆಸಿಕೊಂಡು ಕೈ ಚಾಚಿದಳು. “ಆ ರಿಜಿಸ್ಟರ್ ಇಲ್ಲಿ ಕೊಡಿ.”

ಕೊಟ್ಟೆ. ಗಿರಿಜ, ಹಮೀದಾಕ, ಬೊಳ್ಳಮ್ಮ, ಸುರೇಶ ನಾಲ್ವರೂ ಬೇಕರಿಯಲ್ಲಿ ಕೂತು, ಮೊಬೈಲಿನಲ್ಲಿ ಒಂದೊಂದು ಬೆಕ್ಕಿನ ಫೋಟೊ ಇಟ್ಟುಕೊಂಡು, ಯಾವುದಕ್ಕೆ ಯಾರ ಮನೆಯಲ್ಲಿ ಏನು ಹೆಸರು ಎಂದು ಜೋಡಿಸಿದರು. ನನ್ನ ಇಪ್ಪತ್ತಾರು ಬೆಕ್ಕುಗಳು ಸೋಸಿ ಸೋಸಿ ಒಂಬತ್ತಾದವು. ಒಂದು ಗಂಡಿಗೆ ಐದು ಹೆಸರಿತ್ತು. ಗೋಣಿಚೀಲದ ಮಾತನ್ನು ಸುರೇಶ ಮತ್ತೆ ಎತ್ತಲಿಲ್ಲ, ಪಫ್ಸ್ ತಟ್ಟೆಗೆ ಗಾಜಿನ ಮುಚ್ಚಳ ಮಾಡಿಸಿದ. ಈಗ ಮೀನು ಇಡುವುದು ಹಮೀದಾಕ, ಬೋನು ಕಾಯುವುದು ಬೊಳ್ಳಮ್ಮ, ಆಸ್ಪತ್ರೆಗೆ ಒಯ್ಯುವುದು ಗಿರಿಜ. ಮರಿಗಳು ಹಾಲು ಬಿಟ್ಟ ಮೇಲೆ ಗೌರಿಗೂ ಆಪರೇಷನ್ ಆಗಿ, ಎಡಗಿವಿಯ ತುದಿ ಕಳೆದುಕೊಂಡು ಅವಳು ನಾಲ್ಕು ಮನೆಯ ಊಟಕ್ಕೆ ಮರಳಿದ್ದಾಳೆ. ನಾನು ಜಗಲಿಯಲ್ಲಿ ಕುಳಿತಿದ್ದರೆ ಮಾತ್ರ ಮೂರೇ ಮನೆ.

ನನಗೂ ಒಂದು ಕೆಲಸ ಕೊಟ್ಟಿದ್ದಾರೆ. ನನ್ನ ನೆರಳು ಕಂಡರೆ ಬೀದಿಯ ಒಂದು ಬೆಕ್ಕೂ ಬೋನಿನ ಹತ್ತಿರ ಸುಳಿಯುವುದಿಲ್ಲ. ಆದ್ದರಿಂದ ಹಿಡಿಯುವ ದಿನ ನಾನು ಊರಲ್ಲಿರಬಾರದು. ಗಿರಿಜ ಬುತ್ತಿ ಕಟ್ಟಿ ಬಸ್ ಹತ್ತಿಸುತ್ತಾಳೆ. ಇವತ್ತು ಕೊನೆಯ ಎರಡು ಗಂಡು ಬೆಕ್ಕುಗಳ ದಿನ, ನಾನು ಮೂರ್ನಾಡಿನಲ್ಲಿದ್ದೇನೆ. ಈಗ ತಾನೆ ಮನೆಗೆ ಹೋಗೋಣವೆಂದು ಮಡಿಕೇರಿ ಬಸ್ ಹತ್ತಿ ಕುಳಿತಿದ್ದೆ. ಗಿರಿಜಳ ಫೋನ್ ಬಂತು.

“ಒಂದು ಬಿತ್ತು ಕಣ್ರೀ. ಇನ್ನೊಂದು ಎರಡನೇ ಬೋನಿನ ಸುತ್ತಾನೇ ತಿರುಗ್ತಾ ಇದೆ. ನೀವೆಲ್ಲಿದೀರಾ?”

“ಬಸ್ ಹತ್ತಿದೆ.”

“ಇಳ್ಕೊಳ್ಳಿ,” ಎಂದಳು.

ಇಳಿದೆ.