ಯಾವುದಕ್ಕೂ ಇನ್ನೊಂದು ಸಲ

ಬೀಗ ಹಾಕಿ ಎಳೆದು ನೋಡದವರನ್ನು ನಾನು ನಂಬುವುದಿಲ್ಲ. ನಾನಾದರೋ ಎಳೆದು ನೋಡಿ, ಲಿಫ್ಟಿನವರೆಗೆ ಹೋಗಿ, ಮತ್ತೆ ಬಂದು ಎಳೆಯುವವನು. ಗ್ಯಾಸಿಗೂ ಇದೇ ಮರ್ಯಾದೆ. "ರೀ, ಆ ಬೀಗ ಒಂದು ದಿನ ನಿಮ್ಮ ಕೈಗೇ ಬರುತ್ತೆ ನೋಡಿ," ಎನ್ನುತ್ತಾಳೆ ಹೆಂಡತಿ ಪದ್ಮ. ಬೀಗ ಬರಲಿಲ್ಲ, ವಿಜಯವಾಡದ ಸೀರೆ ಅಂಗಡಿಯೊಂದು ಬಂತು.

ಮೈಸೂರು ಬಿಟ್ಟವನು ವಿಶಾಖಪಟ್ಟಣದ ಮಧುರವಾಡದಲ್ಲಿ ವೆಬ್‌ಸೈಟ್ ಮಾಡುವ ಸಣ್ಣ ಕಂಪನಿಯಲ್ಲಿದ್ದೇನೆ. ಆ ಅಂಗಡಿಯ ವೆಬ್‌ಸೈಟಿಗೆ ಹೊಸ ವಿಳಾಸ ಬಂದಿತ್ತು. ಹೊಸದೆಂದರೆ ಹಳೆಯ ಹೆಸರಿಗೇ ಮೊದಲಿಗೊಂದು 'ಶ್ರೀ' ಅಂಟಿಸಿದ್ದು, ಅಷ್ಟೆ. ಪುಟಪುಟದ ಲಿಂಕುಗಳಲ್ಲೂ ಹಳೆಯ ವಿಳಾಸ ಕಂಡಲ್ಲೆಲ್ಲ ಹೊಸದನ್ನು ಹಾಕುವ ಪುಟ್ಟ ಸ್ಕ್ರಿಪ್ಟ್ ಬರೆದು ಓಡಿಸಿದೆ. ಕಣ್ಣು ಮಿಟುಕಿಸುವುದರಲ್ಲಿ ಮುಗಿಯಿತು. ಇಷ್ಟು ಬೇಗ ಮುಗಿದದ್ದನ್ನು ನಂಬುವುದು ಹೇಗೆ? ಯಾವುದಕ್ಕೂ ಇರಲಿ ಎಂದು ಇನ್ನೊಂದು ಸಲ ಓಡಿಸಿದೆ.

ಅಷ್ಟರಲ್ಲಿ ಅಂಗಡಿಯ ಮಾಲೀಕರಾದ ವರಲಕ್ಷ್ಮಿಗಾರು ಫೋನ್ ಮಾಡಿದರು. "ಏಮಂಡೀ, ರೆಡೀನಾ? ಮಂಗಳಗಿರಿಯಿಂದ ನೇಕಾರರೆಲ್ಲ ಬಂದು ಕೂತಿದ್ದಾರೆ. ತಮ್ಮ ಸೀರೆಗಳನ್ನ ದೊಡ್ಡ ಟೀವಿಯಲ್ಲಿ ನೋಡಬೇಕಂತೆ. ಕಾಫಿ ಆಗ್ಲಿ, ತೆರೀತೀನಿ." "ರೆಡಿ ಅಂಡಿ," ಎನ್ನುತ್ತ ಪರದೆಯ ಮೇಲೆ ಒಂದು ಸೀರೆಯ ಚಿತ್ರ ಒತ್ತಿದೆ. ಪುಟ ಸಿಗಲಿಲ್ಲ. ಇನ್ನೊಂದು ಒತ್ತಿದೆ. ಅದೂ ಇಲ್ಲ. ಪಕ್ಕದ ಮೇಜಿನ ಶಿರೀಷ ಇಣುಕಿದಳು. "ಸಾರ್, ರೆಂಡು ಸಾರ್ಲು ರನ್ ಚೇಶಾರಾ?" ಹೌದು, ಎರಡು ಸಲ! ಎರಡನೇ ಸಲ ಅದು ಹೊಸ ವಿಳಾಸದೊಳಗೇ ಇದ್ದ ಹಳೆಯದನ್ನು ಹುಡುಕಿ, ಮತ್ತೊಂದು ಶ್ರೀ ಏರಿಸಿತ್ತು. ಸೀರೆ ಅಂಗಡಿ ಶ್ರೀಶ್ರೀ ಆಗಿ ಮಠದ ಸ್ವಾಮಿಗಳ ಸಾಲಿಗೆ ಸೇರಿತ್ತು. "ಹಳೆಯದರ ಕಾಪಿ ಇಟ್ಟಿದ್ದೀರಾ?" ಎಂದಳು ಶಿರೀಷ. ಇಟ್ಟಿದ್ದೆ, ಅದೇ ಫೋಲ್ಡರಿನಲ್ಲಿ. ಅದಕ್ಕೂ ಎರಡೆರಡು ಶ್ರೀಗಳ ಪಟ್ಟಾಭಿಷೇಕವಾಗಿತ್ತು.

ಫೋನಿನಲ್ಲಿ ಲೋಟ ಕೆಳಗಿಡುವ ಸದ್ದು. ನೇಕಾರರ ಮುಂದೆ ಆಕೆಯ ಮಾನ ನನ್ನ ಬೆವರಿದ ಬೆರಳಲ್ಲಿತ್ತು. "ಇನ್ನೊಂದು ರೌಂಡು ಕಾಫಿ ಕೊಡಿ ಅಂಡಿ," ಎಂದು ಬೇಡಿಕೊಂಡೆ. ಪ್ರತಿ ವಿಳಾಸದಿಂದಲೂ ಒಂದು ಶ್ರೀ ಇಳಿಸು ಎಂದು ಬರೆದು ಓಡಿಸಿದೆ. ಬೆರಳು ತಾನಾಗಿ ಮತ್ತೆ ಎಂಟರ್ ಕಡೆಗೆ ಹೊರಟಿತು. "ವದ್ದು ಸಾರ್, ದಂಡಂ ಪೆಡತಾನು!" ಬೇಡವೆಂದು ಕೈಮುಗಿದು ಶಿರೀಷ ಕೀಬೋರ್ಡನ್ನೇ ಕಿತ್ತುಕೊಂಡಳು. ಫೋನಿನಲ್ಲಿ ಯಾರೋ ಮುದುಕರು ತಮ್ಮ ಸೀರೆ ಕಂಡು ಕೂಗಿದ್ದು ಕೇಳಿಸಿತು: "ಅದಿಗೋ, ನಾ ಚೀರ!" ಆಗ ಉಸಿರು ಬಂತು.

ಆ ಸಂಜೆ ಪದ್ಮಳೊಡನೆ ಭೀಮುನಿಪಟ್ಟಣದ ಕಡಲಿಗೆ ಹೊರಟೆ. ಬುದ್ಧಿ ಬಂದಿತ್ತಲ್ಲ, ಬೀಗ ಹಾಕಿದವನು ಎಳೆಯಲಿಲ್ಲ, ತಿರುಗಿಯೂ ನೋಡಲಿಲ್ಲ. ಮರಳಲ್ಲಿ ಕೂತು ನಿಶ್ಚಿಂತೆಯಿಂದ ಅಲೆ ನೋಡುತ್ತಿದ್ದಾಗ ಅವಳು ಕೇಳಿದಳು, "ರೀ, ಬೀಗದ ಕೈ ಎಲ್ಲಿ?" ಒಂದು ಜೇಬು ತಡಕಿದೆ. ಇನ್ನೊಂದನ್ನು ತಡಕಿದೆ. ಯಾವುದಕ್ಕೂ ಇರಲಿ ಎಂದು ಮೊದಲನೆಯದನ್ನೇ ಮತ್ತೆ ತಡಕಿದೆ. ಅದು ಅಲ್ಲಿ ಮನೆಬಾಗಿಲಿನ ಬೀಗದಲ್ಲೇ ನೇತಾಡುತ್ತಿತ್ತು.